ಸಸಿಹಿತ್ಲಿನ ಅಲೆ: ಪತ್ತನಾಜೆಗೆ ಮುಂಚಿನ ನಾಲ್ಕು ದಿನ

ಕಡಲಿಗೆ ಹೊರಡುವ ಒಂದು ವಾರ ಮೊದಲೇ ನನಗೆ ಕಡಲಿನ ಗೀಳು ಹತ್ತಿಕೊಳ್ಳುತ್ತದೆ. ಬೆಂಗಳೂರಿನ ಮನೆಯಲ್ಲಿ ಕುಳಿತು ಅಲೆಯ ಎತ್ತರ ಎಷ್ಟು, ಒಂದು ಅಲೆ ಬಂದ ಎಷ್ಟು ಸೆಕೆಂಡಿಗೆ ಮತ್ತೊಂದು ಬರುತ್ತದೆ, ಅದು ಯಾವ ದಿಕ್ಕಿನಿಂದ ಬರುತ್ತಿದೆ, ಗಾಳಿ ಎತ್ತಣಿಂದ ಬೀಸುತ್ತದೆ ಎಂಬ ನಾಲ್ಕು ಲೆಕ್ಕಗಳನ್ನು ಮೊಬೈಲಿನಲ್ಲಿ ಬೆಳಿಗ್ಗೆ ಸಂಜೆ ತಿರುವಿ ಹಾಕುತ್ತಿರುತ್ತೇನೆ. ಮನೆಯಾಕೆ ಇದಕ್ಕೆ ‘ನಿಮ್ಮ ಪಂಚಾಂಗ’ ಎಂದು ಹೆಸರಿಟ್ಟಿದ್ದಾಳೆ. ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನ ನಾಲ್ಕು ದಿನಗಳಿಗೆ ಆ ಪಂಚಾಂಗದಲ್ಲಿ ಬರೆದಿದ್ದುದು ಹೀಗಿತ್ತು: ಭಾನುವಾರ ಸಾಧಾರಣ, ಸೋಮವಾರ ಉತ್ತಮ, ಮಂಗಳವಾರ ಇಳಿಮುಖ, ಬುಧವಾರ ಕಳಪೆ. ಸೋಮವಾರದ ಮನೆಗೆ ಹಸಿರು ಬಣ್ಣ, ಬುಧವಾರಕ್ಕೆ ಕೆಂಪು. ಆ ಹಸಿರನ್ನು ನಂಬಿ ನಾಲ್ಕು ದಿನ ರಜೆ ಹಾಕಿ, ಅಲೆಯ ಮೇಲೆ ನಿಲ್ಲುವ ಆಸೆಯೇ ಇಲ್ಲದ, ಆದರೆ ಮೀನಿನ ಊಟವೆಂದರೆ ಎಲ್ಲಿಗಾದರೂ ಬರುವ ಧಾರವಾಡದ ಗೆಳೆಯನೊಬ್ಬನನ್ನು ಜೊತೆಗೆ ಹಾಕಿಕೊಂಡು ಮೂಲ್ಕಿಯ ಕಡೆಗೆ ಹೊರಟೆ.

ಸೋಮವಾರದ ಮನೆಯಲ್ಲಿದ್ದ ಅಂಕಿ 1 ಮೀಟರ್ ಎತ್ತರ, 15 ಸೆಕೆಂಡು, ನೈಋತ್ಯ ದಿಕ್ಕು. ಒಂದು ಮೀಟರ್ ಎಂದರೆ ಏನು ಮಹಾ ಎಂದು ಗೆಳೆಯ ದಾರಿಯಲ್ಲಿ ಕೇಳಿದ. ಮಹಾತ್ಮೆ ಇರುವುದು 15 ಸೆಕೆಂಡಿನಲ್ಲಿ. ಅಂಥ ಅಲೆ ಅರಬ್ಬಿ ಸಮುದ್ರದಲ್ಲಿ ಹುಟ್ಟುವುದು ಅಪರೂಪ; ಅದು ಹುಟ್ಟುವುದು ಸಮಭಾಜಕ ವೃತ್ತದ ಆಚೆ, ದಕ್ಷಿಣ ಅಕ್ಷಾಂಶ 40 ಡಿಗ್ರಿಗಿಂತಲೂ ಕೆಳಗೆ, ಗಾಳಿಯನ್ನು ತಡೆಯಲು ನೆಲವೇ ಇಲ್ಲದ ದಕ್ಷಿಣ ಮಹಾಸಾಗರದ ಬಿರುಗಾಳಿಗಳಲ್ಲಿ. ಅಲ್ಲಿಂದ ಗುಂಪು ಕಟ್ಟಿಕೊಂಡು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ, ಅಂದರೆ ದಿನಕ್ಕೆ ಸಾವಿರ ಕಿಲೋಮೀಟರಿನಂತೆ, ಹೆಚ್ಚುಕಡಿಮೆ ಒಂದು ವಾರ ಪ್ರಯಾಣ ಮಾಡಿ, ಮಾಲ್ದೀವ್ಸ್ ಮತ್ತು ಲಕ್ಷದ್ವೀಪಗಳ ಹವಳದ ದಂಡೆಗಳ ನಡುವೆ ತೂರಿಕೊಂಡು ನಮ್ಮ ಕರಾವಳಿಗೆ ಬರುತ್ತದೆ. ಅಲೆಯ ಬಲ ಎತ್ತರದ ವರ್ಗವನ್ನೂ ಸೆಕೆಂಡುಗಳ ಅಂತರವನ್ನೂ ಗುಣಿಸಿದಂತೆ ಏರುವುದರಿಂದ, 15 ಸೆಕೆಂಡಿನ ಒಂದು ಮೀಟರ್ ಅಲೆ, 6 ಸೆಕೆಂಡಿನ ಒಂದೂವರೆ ಮೀಟರ್ ಅಲೆಗಿಂತ ತುಸು ಹೆಚ್ಚೇ ಬಲವುಳ್ಳದ್ದು. ಸರ್ಫಿಂಗ್ ಮಾಡುವವರು ಎತ್ತರಕ್ಕಿಂತ ಮೊದಲು ಸೆಕೆಂಡುಗಳನ್ನು ನೋಡುವುದು ಅದಕ್ಕೇ. ಇಷ್ಟು ವಿವರಿಸುವಷ್ಟರಲ್ಲಿ ಗೆಳೆಯ ನಿದ್ದೆ ಹೋಗಿದ್ದ.

ಮೊದಲ ದಿನ, ಭಾನುವಾರ

ನಸುಕಿನ ನಾಲ್ಕಕ್ಕೆ ಬಿಟ್ಟವರು ಶಿರಾಡಿ ಘಾಟಿಯ ತಂಪು ಮುಗಿದು ಉಪ್ಪಿನಂಗಡಿಯ ಸೆಕೆ ಮುಟ್ಟುವ ಹೊತ್ತಿಗೆ ಕಾರಿನ ಮಾಡಿನ ಮೇಲೆ ಕಟ್ಟಿದ್ದ ಬೋರ್ಡಿನ ಪಟ್ಟಿ ಗಾಳಿಗೆ ತಂಬೂರಿಯಂತೆ ಮಿಡಿಯತೊಡಗಿತ್ತು. ಪಟ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿದರೆ ಈ ಸದ್ದು ನಿಲ್ಲುತ್ತದೆಂದು ನನಗೆ ಗೊತ್ತಿದೆ, ಪ್ರತಿಸಲವೂ ಮರೆಯುತ್ತೇನೆ. ಮಂಗಳೂರು ದಾಟಿ, ಸುರತ್ಕಲ್ ದಾಟಿ, ಹಳೆಯಂಗಡಿಯಲ್ಲಿ ಹೆದ್ದಾರಿಯಿಂದ ಎಡಕ್ಕೆ ಹೊರಳಿದರೆ ಸಸಿಹಿತ್ಲಿನ ದಾರಿ. ಆ ದಾರಿ ಬಡಗು ದಿಕ್ಕಿಗೆ ಸಾಗಿದಂತೆ ನೆಲ ಕಿರಿದಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ನಂದಿನಿ ಹೊಳೆ, ನಡುವೆ ತೆಂಗು, ಗಾಳಿಮರ, ಒಂದಿಷ್ಟು ಮನೆಗಳು. ಕೊನೆಯಲ್ಲಿ ನಂದಿನಿಯೂ ಶಾಂಭವಿಯೂ ಕೂಡಿ ಕಡಲು ಸೇರುವ ಅಳಿವೆ. ಅದರಾಚೆ ಹೆಜಮಾಡಿ ಕೋಡಿ. ಭಾರತದ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2016ರ ಮೇ ಕೊನೆಯಲ್ಲಿ ನಡೆದದ್ದು ಇದೇ ದಂಡೆಯಲ್ಲಿ. ಸ್ಪರ್ಧೆಗೆ ಮೇ ಕೊನೆಯನ್ನು ಆರಿಸಿದ್ದರ ಹಿಂದೆಯೂ ಇದೇ ಲೆಕ್ಕ ಇದ್ದಿರಬೇಕು: ದಕ್ಷಿಣದ ಸ್ವೆಲ್, ಅಂದರೆ ದೂರದ ಬಿರುಗಾಳಿಯಿಂದ ಹೊರಟ ಆ ಉದ್ದನೆಯ ಅಲೆಸಾಲು, ಬರುತ್ತಿರಬೇಕು, ಮುಂಗಾರು ಇನ್ನೂ ಹೊಸ್ತಿಲು ದಾಟಿರಬಾರದು.

ಮಧ್ಯಾಹ್ನ ತಲುಪಿದಾಗ ಕಡಲು ಕಲಸಿದ ರಾಗಿ ಅಂಬಲಿಯಂತಿತ್ತು. ಮೇ ತಿಂಗಳಲ್ಲಿ ನೆಲ ಕಾದು, ಹತ್ತು ಗಂಟೆಯ ಹೊತ್ತಿಗೆ ಕಡಲ ಕಡೆಯಿಂದ ಪಡುಗಾಳಿ ಏಳುತ್ತದೆ; ಮಧ್ಯಾಹ್ನಕ್ಕೆ ಅದು ವಾಯವ್ಯಕ್ಕೆ ತಿರುಗಿ ಬಲಿಯುತ್ತದೆ, ಅಲೆಯ ಬೆನ್ನಿನಿಂದ ತಳ್ಳಿ ಅದನ್ನು ಹೊತ್ತಿಗೆ ಮುಂಚೆ ಮುರಿಯುತ್ತದೆ. ಬೋರ್ಡು ಇಳಿಸುವ ಮನಸ್ಸಾಗಲಿಲ್ಲ. ಸಾಲದ್ದಕ್ಕೆ, ಹಿಂದಿನ ಸೀಟಿನಲ್ಲಿ ಬಿಸಿಲಿಗೆ ಬಿಟ್ಟಿದ್ದ, ಕಾಲು ಜಾರದಿರಲೆಂದು ಬೋರ್ಡಿಗೆ ಉಜ್ಜುವ ವ್ಯಾಕ್ಸಿನ ಎರಡು ಬಿಲ್ಲೆಗಳು ಕರಗಿ, ಗೆಳೆಯನ ಟವೆಲ್ಲಿನ ಮೂಲಕ ಸೀಟಿನ ಹೊಲಿಗೆಯೊಳಕ್ಕೆ ಇಳಿದು, ತೆಂಗಿನೆಣ್ಣೆಯ ವಾಸನೆಯ ಅಂಟಾಗಿದ್ದವು. ಕರಾವಳಿಯ ಬೇಸಿಗೆಗೆ ಬಿಸಿನೀರಿನ ಕಡಲಿಗೆಂದೇ ಮಾಡಿದ ಗಟ್ಟಿ ವ್ಯಾಕ್ಸ್ ಬೇಕು. ಅದನ್ನೂ ಕಾರಿನಲ್ಲಿ ಬಿಡದೆ ಚೊಂಬಿನ ನೀರಲ್ಲಿಡಬೇಕು. ಇಲ್ಲಿನ ನೀರೇ ಮೇ ತಿಂಗಳಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಆದರೆ ಆ ಸಂಜೆ ವ್ಯರ್ಥವಾಗಲಿಲ್ಲ. ಅಮಾವಾಸ್ಯೆಯ ಮರುದಿನವಾದ್ದರಿಂದ ಉಬ್ಬರ-ಇಳಿತಗಳ ವ್ಯತ್ಯಾಸ ದೊಡ್ಡದಿತ್ತು. ದೊಡ್ಡದೆಂದರೂ ಇಲ್ಲಿ ಒಂದೂವರೆ ಮೀಟರಿನೊಳಗೇ. ಐದೂವರೆಯ ಇಳಿತಕ್ಕೆ ನೀರು ಹಿಂದೆ ಸರಿದಾಗ, ಮರುದಿನ ಅಲೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಕಾಲಿನಿಂದಲೇ ಓದಬಹುದಾಗಿತ್ತು. ದಂಡೆಯಿಂದ ಸೊಂಟದವರೆಗಿನ ಒಂದು ಕಾಲುವೆ, ಅದನ್ನು ದಾಟಿ ನಲವತ್ತು ಹೆಜ್ಜೆ ನಡೆದರೆ ಮೊಣಕಾಲ ನೀರಿನ ಮರಳು ದಿಬ್ಬ. ಆ ದಿಬ್ಬ ಅಳಿವೆಯ ಕಡೆಗೆ ನೇರವಾಗಿ, ಗೋಡೆಯಂತೆ ಚಾಚಿತ್ತು. ಅಲೆ ತನ್ನ ಎತ್ತರದ ಒಂದೂಕಾಲು ಪಟ್ಟಿನಷ್ಟು ಆಳಕ್ಕೆ ಬಂದಾಗ ಮಗುಚುತ್ತದೆ. ಹಾಗಾಗಿ ಬಂಡೆಯಿಲ್ಲದ ಇಂಥ ಮರಳ ದಂಡೆಯಲ್ಲಿ, ಸರ್ಫರುಗಳು ಬೀಚ್ ಬ್ರೇಕ್ ಎನ್ನುವಲ್ಲಿ, ಅಲೆಗೆ ಆಕಾರ ಕೊಡುವುದು ದಿಬ್ಬ. ಮೊಬೈಲಿನ ಪಂಚಾಂಗ ಹೇಳುವುದು ಆಳ ಸಮುದ್ರದ ಸುದ್ದಿಯನ್ನು. ಈ ದಿಬ್ಬದ ಸುದ್ದಿ ಅದರ ಬಳಿ ಇರುವುದಿಲ್ಲ.

ಬುಡ ಕೊರೆದು ಉರುಳಿಬಿದ್ದ ಗಾಳಿಮರದ ಎದುರಿಗೆ ಮಾತ್ರ ದಿಬ್ಬ ತುಂಡಾಗಿ, ಹತ್ತು ಮಾರು ಅಗಲದಲ್ಲಿ ನೀರು ಕಡು ಹಸಿರಾಗಿ, ಅಲೆಯೇ ಇಲ್ಲದೆ ಶಾಂತವಾಗಿತ್ತು. ಭಾನುವಾರದ ಪ್ರವಾಸಿಗರ ಒಂದು ಗುಂಪು ಮಕ್ಕಳೊಂದಿಗೆ ಅಲ್ಲೇ ಇಳಿಯುವ ತಯಾರಿಯಲ್ಲಿತ್ತು. ಬಲೆ ಸರಿಪಡಿಸುತ್ತ ಕುಳಿತಿದ್ದ ಹಿರಿಯರೊಬ್ಬರು ಕೂತಲ್ಲಿಂದಲೇ ಗದರಿಸಿ ಅವರನ್ನು ಆಚೆ ಕಳಿಸಿದರು. ದಿಬ್ಬದ ಮೇಲೆ ಬಿದ್ದ ನೀರೆಲ್ಲ ಕಡಲಿಗೆ ವಾಪಸಾಗುವ ದಾರಿ ಅದು. ಅಲೆ ಇಲ್ಲದಿರುವುದೇ ಅಲ್ಲಿ ಆಳವಿದೆ, ಸೆಳೆತವಿದೆ ಎನ್ನುವುದಕ್ಕೆ ಗುರುತು. ಅದರಲ್ಲಿ ಸಿಕ್ಕಿಕೊಂಡವರು ದಂಡೆಯ ಕಡೆಗೆ ಈಜಿ ಸೋಲುವ ಬದಲು ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಬೇಕು, ದಿಬ್ಬ ಸಿಕ್ಕ ಮೇಲೆ ಅಲೆಯೇ ತಂದು ಬಿಡುತ್ತದೆ. ಬೋರ್ಡು ಇರುವ ನಮಗೆ ಅದೇ ಸೆಳೆತ ಪುಕ್ಕಟೆ ಸವಾರಿ. ಅಲೆಗಳಿಗೆ ಎದೆಯೊಡ್ಡದೆ ಆಚೆ ದಾಟಲು ಅದಕ್ಕಿಂತ ಸುಲಭದ ದಾರಿ ಬೇರಿಲ್ಲ.

“ನಾಳೆ ಹೇಗೆ ಅಣ್ಣ?” ಎಂದು ಅವರನ್ನು ಕೇಳಿದೆ. ಅವರು ಕಡಲನ್ನು ನೋಡಲಿಲ್ಲ, ಸೂಜಿಯನ್ನೇ ನೋಡುತ್ತ, “ಕಡಲ್ ಜೋರುಂಡು” ಎಂದರು. ನಾನಾಗ ನೋಡುತ್ತಿದ್ದ ಕಡಲು ಜೋರೇನೂ ಇರಲಿಲ್ಲ. ಹೊರಗೆ ಹೋಗಿದ್ದ ನಾಡದೋಣಿಯವರು ಮಧ್ಯಾಹ್ನವೇ ಉದ್ದುದ್ದ ಅಲೆ ಬರುವುದನ್ನು ಕಂಡು ಬಂದಿದ್ದರಂತೆ.

ಎರಡನೆಯ ದಿನ, ಸೋಮವಾರ

ಐದೂವರೆಗೆ ದಂಡೆಯಲ್ಲಿ ನಿಂತಾಗ ಮೂಡುಗಾಳಿ ಬೆನ್ನಿಗೆ ತಾಗುತ್ತಿತ್ತು. ಹಸಿರು ಬಣ್ಣ ಹೇಳಿದ್ದೆಲ್ಲ ಎದುರಿಗಿತ್ತು. ದಿಗಂತದ ಹತ್ತಿರ ಯಾರೋ ಪಟ್ಟಿಯಿಟ್ಟು ಗೆರೆ ಎಳೆದಂತೆ ಒಂದರ ಹಿಂದೆ ಒಂದು ಅಲೆ. ನೀರಿನ ಮೈ ಎಣ್ಣೆ ಹಚ್ಚಿದಂತೆ ನಯ. ಅಲೆ ನಿಂತಾಗ ಅದರ ನೆತ್ತಿಯಿಂದ ಗಾಳಿ ತುಂತುರನ್ನು ಹಿಂದಕ್ಕೆ ಹಾರಿಸುತ್ತಿತ್ತು. ಐದಾರು ಅಲೆಗಳ ಒಂದು ಸೆಟ್ಟು ಬಂದುಹೋದರೆ ಮತ್ತೆ ಹತ್ತು ನಿಮಿಷ ಕೆರೆಯಂಥ ಮೌನ. ನನ್ನ ಎದೆ ಹಿಗ್ಗಿತು. ಇಲ್ಲಿಯೇ ಮೊಗವೀರ ಕುಟುಂಬದಲ್ಲಿ ಹುಟ್ಟಿ, ಈಗ ಸರ್ಫಿಂಗ್ ಕಲಿಸುವ ಯುವಕನೊಬ್ಬ ಬೋರ್ಡು ಮರಳಲ್ಲಿ ಊರಿ ಸುಮ್ಮನೆ ಕುಳಿತಿದ್ದ. “ಇಳಿಯುವುದಿಲ್ಲವೇ?” ಎಂದರೆ, “ನೀರು ಏರಲಿ ಮಾರಾಯ್ರೆ, ಎಂತ ಅವಸರ” ಎಂದ. ಅವಸರ ನನಗಿತ್ತು.

ಗಾಳಿಮರದ ಎದುರಿನ ಸೆಳೆತದಲ್ಲಿ ಬೋರ್ಡು ತೇಲಿಸಿ ಎರಡೇ ನಿಮಿಷದಲ್ಲಿ ಆಚೆ ದಾಟಿ, ದಿಬ್ಬದ ಹೊರಗೆ ಕುಳಿತೆ. ಮೊದಲ ಸೆಟ್ಟಿನ ಮೂರನೆಯ ಅಲೆಗೆ ಕೈ ಹಾಕಿದೆ. ಹಿಂದಿನಿಂದ ಎತ್ತಿದ ರೀತಿಯಲ್ಲೇ ತಪ್ಪಿನ ಸುಳಿವು ಸಿಕ್ಕಿತು. ಎದ್ದು ನಿಂತು ಬಲಕ್ಕೆ ನೋಡಿದರೆ ಗೋಡೆ, ಎಡಕ್ಕೆ ನೋಡಿದರೆ ಗೋಡೆ, ನೂರು ಮೀಟರ್ ಉದ್ದದ ನೀರು ಒಂದೇ ಕ್ಷಣಕ್ಕೆ ಮಗುಚುತ್ತಿತ್ತು. ಜಾರಿಕೊಳ್ಳಲು ಎಲ್ಲೂ ಸಂದಿಲ್ಲ. ಮೊಣಕಾಲ ನೀರಿನ ದಿಬ್ಬದ ಮೇಲೆ ಆ ಅಲೆ ನನ್ನನ್ನು ಎರಡು ಸುತ್ತು ಹೊರಳಿಸಿ, ಭುಜವನ್ನು ಮರಳಿಗೆ ಉಜ್ಜಿ, ಕಾಲಿಗೆ ಕಟ್ಟಿದ ಲೀಷ್ ಹಗ್ಗದ ತುದಿಯಲ್ಲಿದ್ದ ಬೋರ್ಡನ್ನು ಮೊಣಕಾಲಿನ ಮೇಲೆ ತಂದು ಹಾಕಿತು. ಮೂಗಿನಲ್ಲಿ, ಕಿವಿಯಲ್ಲಿ, ಹಲ್ಲಿನ ಸಂದಿಯಲ್ಲಿ ಮರಳು. ದಂಡೆಯಲ್ಲಿ ಗೆಳೆಯ ಫೋಟೋ ತೆಗೆಯಲೆಂದು ನಿಂತಿದ್ದವನು, ನನ್ನ ತಲೆ ಹೊರಗೆ ಕಾಣುವವರೆಗೆ ಮೊಬೈಲ್ ಕೆಳಗಿಟ್ಟು ಹುಡುಕುತ್ತಿದ್ದನಂತೆ.

ಹೀಗೆ ಅಲೆ ಆದ್ಯಂತ ಒಟ್ಟಿಗೆ ಮುಚ್ಚಿಕೊಳ್ಳುವುದಕ್ಕೆ ಕ್ಲೋಸ್ ಔಟ್ ಎನ್ನುತ್ತಾರೆ. ಕಾರಣವನ್ನು ಆ ಯುವಕ ಮರಳಿನ ಮೇಲೆ ಎರಡು ಗೆರೆ ಎಳೆದು ತೋರಿಸಿದ. 15 ಸೆಕೆಂಡಿನ ಅಲೆಯ ಉದ್ದ ಆಳದಲ್ಲಿ 350 ಮೀಟರ್; ಅದರ ಅರ್ಧದಷ್ಟು ಆಳದಲ್ಲೇ ಅದಕ್ಕೆ ತಳ ತಾಗತೊಡಗುತ್ತದೆ. ದಂಡೆಯಿಂದ ಬಹು ದೂರದಲ್ಲಿಯೇ ಬಾಗತೊಡಗಿದ ಅಲೆ, ಇಲ್ಲಿಗೆ ಮುಟ್ಟುವಾಗ ದಂಡೆಗೆ ಸರಿಸಮಾನವಾಗಿ ತಿರುಗಿರುತ್ತದೆ. ನೇರವಾದ ದಿಬ್ಬಕ್ಕೆ ನೇರವಾದ ಅಲೆ ಬಡಿದರೆ ಎಲ್ಲ ಕಡೆ ಒಂದೇ ಕಾಲಕ್ಕೆ ಮುರಿಯುವುದು ಸಹಜ. ಮೂಲೆಯಿಂದ ಸುರುಳಿ ಸುತ್ತುತ್ತ ಬರುವ ಅಲೆ ಬೇಕಿದ್ದರೆ ದಿಬ್ಬ ಓರೆಯಾಗಿರಬೇಕು, ಇಲ್ಲವೇ ಅಲೆಯ ಸಾಲು ಹರಿದಿರಬೇಕು. ಬಂಡೆಯ ತಳವಿದ್ದಲ್ಲಿ ಇದೇ ಸ್ವೆಲ್ ಅಮೃತ; ನಮ್ಮ ಮರಳಿನಲ್ಲಿ ಮೊಣಕಾಲಿಗೆ ಐಸು.

ಎಂಟೂವರೆಯ ಮೇಲೆ ನೀರು ಏರಿ ದಿಬ್ಬದ ಮೇಲೆ ಎದೆಮಟ್ಟ ಬಂದಾಗ ಅಲೆಗೆ ಸ್ವಲ್ಪ ಕರುಣೆ ಹುಟ್ಟಿತು. ತುಂಡು ದಿಬ್ಬದ ಅಂಚಿನಲ್ಲಿ ಬಲಕ್ಕೆ ಜಾರುವ ಚಿಕ್ಕ ಚಿಕ್ಕ ಓಟಗಳು ಎರಡು ಮೂರು ಸಿಕ್ಕವು. ಹತ್ತಕ್ಕೆ ಸರಿಯಾಗಿ, ಯಾರೋ ಸ್ವಿಚ್ಚು ಒತ್ತಿದಂತೆ, ಪಡುಗಾಳಿ ಎದ್ದಿತು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಗಾಳಿ ಮಾತ್ರ ತನ್ನ ಹೊತ್ತು ಬಿಡುವುದಿಲ್ಲ. ಹಾಗಾಗಿ ಅಮಾವಾಸ್ಯೆ ಕಳೆದಂತೆಲ್ಲ ಏರುನೀರು ಮತ್ತು ನಯವಾದ ಗಾಳಿ ಎರಡೂ ಕೂಡುವ ಸಮಯ ದಿನದಿನಕ್ಕೆ ಕಿರಿದಾಗುತ್ತದೆ. ರಜೆ ಹಾಕುವವರು ಹವಾಮಾನಕ್ಕಿಂತ ಮೊದಲು ಪಣಂಬೂರು ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಸಸಿಹಿತ್ಲಿಗೂ ಅದಕ್ಕೂ ಕೆಲವೇ ನಿಮಿಷಗಳ ವ್ಯತ್ಯಾಸ.

ಹಗಲೂಟಕ್ಕೆ ಹೆದ್ದಾರಿ ಬದಿಯ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಪುನರ್ಪುಳಿ ಸಾರು. ಬಂಗುಡೆ ನಿನ್ನೆಯದು, ಇವತ್ತು ದಂಡೆಯಿಂದ ಎಳೆಯುವ ಕೈರಂಪಣಿ ಬಲೆ ಎಳೆದಿಲ್ಲ, ಕಡಲು ಬಲೆ ಬಿಡಲು ಕೊಡಲಿಲ್ಲ ಎಂದು ಬಡಿಸುವಾತ ತಾನಾಗಿಯೇ ಹೇಳಿದ. ನಿನ್ನೆಯದೆಂದು ಹೇಳಿ ಬಡಿಸುವ ಹೋಟೆಲನ್ನು ನಾನು ನಂಬುತ್ತೇನೆ. ಅವನ ಮೊಬೈಲಿನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಎತ್ತರದ ಅಲೆಯ ಎಚ್ಚರಿಕೆ ಬಂದಿತ್ತು. ಗಾಳಿಯಿಲ್ಲದ ದಿನ ದೂರದ ಸ್ವೆಲ್ ಹೀಗೆ ಸದ್ದಿಲ್ಲದೆ ದಂಡೆ ಏರುವುದಕ್ಕೆ ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೋ ಆ ಪದವನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಅಂದು ಇಳಿಹೊತ್ತಿಗೆ ಆ ಕಳ್ಳ, ದಂಡೆಯ ಮೇಲಿನ ದೋಣಿಯೊಂದರ ಬುಡದವರೆಗೆ ಬಂದು, ಗೆಳೆಯನ ಎಡಗಾಲಿನ ಚಪ್ಪಲಿಯೊಂದನ್ನು ಕೊಂಡುಹೋದ.

ಮೂರನೆಯ ದಿನ, ಮಂಗಳವಾರ

ಪಂಚಾಂಗ ಹೇಳಿದಂತೆ ಸ್ವೆಲ್ ಇಳಿದಿತ್ತು. ಬೆಳಗಿನ ಒಂದು ಗಂಟೆ ಸೊಂಟದೆತ್ತರದ ಅಲೆಗಳಲ್ಲಿ ಆಡಿ, ಮೊಣಕಾಲಿನ ಊತ ನೆನಪಾಗಿ ಹೊರಬಂದೆ. ಉಳಿದ ಹಗಲನ್ನು ಹೊಳೆಯಾಚೆ ಕೊಳಚಿಕಂಬಳದ ಕಡೆ ಕಳೆದೆವು. ಶಾಂಭವಿಯ ದಡದ ಈ ಊರಿನಲ್ಲಿ, ಅಮೆರಿಕದಲ್ಲಿ ಹುಟ್ಟಿ ಇಲ್ಲಿ ಸನ್ಯಾಸಿಯಾಗಿದ್ದ ಸ್ವಾಮಿ ನರಸಿಂಗ ಅವರು 2004ರಲ್ಲಿ ಆಶ್ರಮದ ಜೊತೆಗೇ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಬೆಳಿಗ್ಗೆ ಜಪ, ಆಮೇಲೆ ಅಲೆ. ಕರಾವಳಿಯಲ್ಲಿ ಇಂದು ಬೋರ್ಡು ಹಿಡಿದಿರುವ ಅನೇಕ ಹುಡುಗರ ಕಲಿಕೆಯ ಬೇರು ಅಲ್ಲಿದೆ. ಹೊಳೆಯಲ್ಲಿ ನಾಲ್ಕಾರು ಮಂದಿ ಎದೆಮಟ್ಟದ ನೀರಲ್ಲಿ ನಿಂತು ಕಾಲಿನಿಂದ ತಡಕಿ ಮರುವಾಯಿ (ಚಿಪ್ಪುಮೀನು) ಆಯುತ್ತಿದ್ದರು. ಇಳಿತದ ಹೊತ್ತಿಗೆ ಎರಡೂ ಹೊಳೆಗಳ ನೀರು ಅಳಿವೆಯಲ್ಲಿ ಕಡಲಿನತ್ತ ನುಗ್ಗುವಾಗ, ಎದುರು ಬರುವ ಅಲೆ ತಡೆದು ನಿಂತಂತಾಗಿ ಕಡಿದಾಗುವುದನ್ನು ದಡದಲ್ಲಿ ಕುಳಿತು ನೋಡಿದೆವು. ನೋಡಲು ಚೆಂದ, ಬೋರ್ಡು ಹಿಡಿದು ಅಲ್ಲಿಗೆ ಹೋಗಬಾರದೆಂದು ಮರುವಾಯಿ ಆಯುತ್ತಿದ್ದ ಹೆಂಗಸೊಬ್ಬರು ಕೇಳದೆಯೇ ಹೇಳಿದರು.

ಸಂಜೆಯ ಮಳೆಯ ವಿಷಯದಲ್ಲಿ ಆ ದಿನ ಮೂವರು ಭವಿಷ್ಯ ನುಡಿದಿದ್ದರು. ನನ್ನ ಮೊಬೈಲು ‘ಒಣಹವೆ’ ಎಂದಿತ್ತು. ಬಲೆಯ ಹಿರಿಯರು, ಇನ್ನೂ ಪತ್ತನಾಜೆಗೆ ಐದು ದಿನವಿದೆ, ಅದಕ್ಕೆ ಮೊದಲು ಮಳೆಯಿಲ್ಲ ಎಂದಿದ್ದರು. ತುಳುವರ ಬೇಷ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಮೇ 24ರ ಆಸುಪಾಸು ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ಮುಗಿಯುತ್ತವೆ, ‘ಪತ್ತನಾಜೆಗ್ ಪತ್ತ್ ಪನಿ’, ಅಂದು ಹತ್ತು ಹನಿಯಾದರೂ ಬೀಳಬೇಕು ಎನ್ನುವುದು ಮಾತು. 2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೂ ಮೇ 24ಕ್ಕೇ. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮೂರನೆಯವರು ನಾವು ಉಳಿದಿದ್ದ ಮನೆಯ ಯಜಮಾನಿ. ಅವರು ಏನೂ ನುಡಿಯಲಿಲ್ಲ. ಮೂರೂವರೆಯ ಸುಡುಬಿಸಿಲಿನಲ್ಲಿ ತಾರಸಿಗೆ ಹತ್ತಿ, ಹಾಸಿದ್ದ ಹಲಸಿನ ಹಪ್ಪಳಗಳನ್ನೂ ಹಲಸಿನ ಬೀಜದ ಸಾಂತಾಣಿಯನ್ನೂ ಚಾಪೆ ಸಮೇತ ಸುತ್ತಿ ಒಳಗೆ ತಂದರು. ಏಕೆಂದರೆ, “ಗಾಳಿ ನಿಂತಿತಲ್ಲ” ಎಂದರು. ಹೌದು, ದಿನವಿಡೀ ಬೀಸಬೇಕಿದ್ದ ಪಡುಗಾಳಿ ಅಂದು ನಡು ಮಧ್ಯಾಹ್ನವೇ ಸತ್ತಿತ್ತು. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಮೂಡಣದಲ್ಲಿ, ಘಟ್ಟದ ನೆತ್ತಿಯ ಮೇಲೆ, ಹೂಕೋಸಿನಂಥ ಬಿಳಿ ಮೋಡ ಬೆಳೆಯುತ್ತ ಅದರ ಬುಡ ಮಸಿಯಾಗಿತ್ತು.

ಐದು ಗಂಟೆಗೆ ನಾನು ಮತ್ತೆ ನೀರಿನಲ್ಲಿದ್ದೆ. ಮೊದಲು ಬಂದದ್ದು ವಾಸನೆ, ಒಣಮಣ್ಣು ನೆನೆದ ವಾಸನೆ, ನೆಲದ ಕಡೆಯಿಂದ. ಆಮೇಲೆ ತಣ್ಣನೆಯ ಮೂಡುಗಾಳಿಯ ಒಂದು ಹೊಡೆತ. ಬೆಳಗಿನಿಂದ ಕಲಕಿದ್ದ ನೀರಿನ ಮೈ ಕಣ್ಣೆದುರೇ ನಯವಾಗಿ, ಇಳಿದುಹೋಗಿದ್ದ ಅಲೆಗಳು ತಲೆಯೆತ್ತಿ ನಿಂತವು. ಇನ್ನೊಂದು ಅಲೆ, ಇನ್ನೊಂದೇ ಎಂದು ಆಸೆ. ಘಟ್ಟದ ಕಡೆ ಮಿಂಚಿತು. ಎಣಿಸಿದೆ, ಹದಿನೆಂಟಕ್ಕೆ ಗುಡುಗು ಬಂತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಆರು ಕಿಲೋಮೀಟರು. ಮೂವತ್ತರೊಳಗೆ ಗುಡುಗಿದರೆ ನೀರಿನಿಂದ ಎದ್ದು ಬರಬೇಕೆಂಬುದು ನಿಯಮ. ಬಯಲು ನೀರಿನ ಮೇಲೆ ಕುಳಿತವನ ತಲೆಯೇ ಆಗ ಊರಿನ ಅತಿ ಎತ್ತರದ ಕಂಬ. ಬೋರ್ಡು ತಲೆಯ ಮೇಲೆ ಹೊತ್ತು ಓಡುವಾಗ, ಬೆಳಿಗ್ಗೆಯೇ ಹಾಕಿಟ್ಟಿದ್ದ ದಾಮಿನಿ ಆ್ಯಪ್ ದಂಡೆಯ ಚೀಲದೊಳಗೆ ಒಂದೇ ಸಮನೆ ಅರಚುತ್ತಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಆ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನೀರಿನೊಳಗಿರುವವನಿಗೆ ಅದನ್ನು ಯಾರು ಕೊಡಬೇಕು? ಗಾಳಿಮರದ ಕೆಳಗೆ ನಿಲ್ಲುವಂತಿಲ್ಲವಾದ್ದರಿಂದ ಕಾರಿನವರೆಗೂ ಓಡಿದೆ. ಎರಡು ಗಂಟೆ ಕಾಲ ಸುರಿಯಿತು. ಕರೆಂಟು ಹೋಯಿತು. ಯಜಮಾನಿ ಒಳತಂದಿದ್ದ ಹಪ್ಪಳಗಳಲ್ಲಿ ಅರೆಬರೆ ಒಣಗಿದ್ದವನ್ನೇ ಆಯ್ದು ಕರಿದು, ಮೇಣದಬತ್ತಿಯ ಬೆಳಕಿನಲ್ಲಿ ಕಾಯಿತುರಿಯೊಂದಿಗೆ ಕೊಟ್ಟರು. ಅರೆ ಒಣಗಿದ ಹಪ್ಪಳ ಉಬ್ಬುವುದಿಲ್ಲ, ಮೆತ್ತಗೆ ಹಲ್ಲಿಗೆ ಅಂಟುತ್ತದೆ. ಗೆಳೆಯ ಹತ್ತು ತಿಂದ.

ನಾಲ್ಕನೆಯ ದಿನ, ಬುಧವಾರ

ಕೆಂಪು ಬಣ್ಣದ ದಿನ. ಪಂಚಾಂಗದಲ್ಲಿ ವಾಯವ್ಯದಿಂದ 7 ಸೆಕೆಂಡಿನ ಗಾಳಿಯಲೆ, ಅದರಡಿಯಲ್ಲಿ ಮುಗಿಯುತ್ತ ಬಂದ ನೈಋತ್ಯದ ಸ್ವೆಲ್. ಕಾಗದದ ಮೇಲೆ ಇದು ಕಲಬೆರಕೆ. ಚೀಲ ಕಟ್ಟಿ, ಊರು ಬಿಡುವ ಮುಂಚೆ ಸುಮ್ಮನೆ ಒಮ್ಮೆ ನೋಡಿ ಬರೋಣವೆಂದು ಎಂಟು ಗಂಟೆಗೆ ದಂಡೆಗೆ ನಡೆದೆ. ನೀರು ಇಳಿತ ಮುಗಿಸಿ ಏರತೊಡಗಿತ್ತು. ಯುವಕ ಆಗಲೇ ನೀರಿನಲ್ಲಿದ್ದ. ಅವನು ಸೋಮವಾರ ಕಾಯುತ್ತ ಕುಳಿತವನು ಇಂದು ನನಗಾಗಿ ಕಾಯದೆ ಇಳಿದಿದ್ದಾನೆಂದರೆ, ಚೀಲ ಬಿಚ್ಚಲು ಬೇರೆ ಕಾರಣ ಬೇಕಿರಲಿಲ್ಲ.

ವಾಯವ್ಯದ ಅಲೆ ನೈಋತ್ಯದ ಅಲೆಯನ್ನು ಓರೆಯಾಗಿ ಹಾಯ್ದಲ್ಲೆಲ್ಲ ಎರಡೂ ಕೂಡಿ ಒಂದು ಗೋಪುರ ಏಳುತ್ತಿತ್ತು, ಅಕ್ಕಪಕ್ಕ ತಗ್ಗಾಗುತ್ತಿತ್ತು. ಸೋಮವಾರ ನನ್ನನ್ನು ಬಡಿದ ಆ ನೂರು ಮೀಟರಿನ ಗೋಡೆ ಈಗ ತುಂಡುತುಂಡಾಗಿ, ಒಂದೊಂದು ತುಂಡಿಗೂ ಒಂದೊಂದು ಹೆಗಲು, ಅಂದರೆ ಜಾರಿಕೊಂಡು ಹೋಗಲು ಇನ್ನೂ ಮುರಿಯದ ಇಳಿಜಾರು. ಜೊತೆಗೆ ರಾತ್ರಿಯ ಮಳೆಗೆ ನೆಲ ತಣಿದಿತ್ತು, ಮೇಲೆ ಮೋಡದ ಹೊದಿಕೆ ಇತ್ತು. ನೆಲ ಕಾಯದಿದ್ದರೆ ಪಡುಗಾಳಿಯನ್ನು ಕರೆಯುವವರು ಯಾರೂ ಇಲ್ಲ. ಹತ್ತಾದರೂ ಮೂಡುಗಾಳಿಯೇ ಬೀಸುತ್ತಿತ್ತು. ನಾನು ಬೆಂಗಳೂರಿನಲ್ಲಿ ಕುಳಿತು ನೋಡಿದ ಅಂಕಿಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ, ಬಣ್ಣ ಮಾತ್ರ ತಲೆಕೆಳಗಾಗಿತ್ತು. ಬಣ್ಣ ಬಳಿಯುವ ಲೆಕ್ಕಕ್ಕೆ ಬಂಡೆಯ ದಂಡೆಯೂ ಒಂದೇ, ಸಸಿಹಿತ್ಲಿನ ದಿಬ್ಬವೂ ಒಂದೇ. ಅಂದಿನಿಂದ ನಾನು ಅಂಕಿಗಳನ್ನು ನೋಡುತ್ತೇನೆ, ಬಣ್ಣವನ್ನು ನೋಡುವುದು ಬಿಟ್ಟಿದ್ದೇನೆ.

ಒಂಬತ್ತೂವರೆಯ ಒಂದು ಅಲೆಯನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಯುವಕ ಹಿಂದಿನಿಂದ “ಎಡ, ಎಡ” ಎಂದು ಕೂಗಿದ. ಎರಡು ಬೀಸು ಹಾಕುವುದರೊಳಗೆ ಅಲೆಯೇ ಬೋರ್ಡಿನ ಬಾಲ ಎತ್ತಿತು. ಎದ್ದು ನಿಂತಾಗ ಎಡಕ್ಕೆ ಭುಜದೆತ್ತರದ ಹಸಿರು ಇಳಿಜಾರು ಬಿಚ್ಚಿಕೊಳ್ಳುತ್ತ ಹೋಗುತ್ತಿತ್ತು. ಮೂಡುಗಾಳಿ ಅದರ ಮೈಯಲ್ಲಿ ಮೀನಿನ ಹುರುಪೆಯಂಥ ಸಣ್ಣ ಗೆರೆಗಳನ್ನು ಮೂಡಿಸಿತ್ತು, ಬೋರ್ಡಿನಡಿಯಲ್ಲಿ ಅವು ಟಪಟಪ ಸದ್ದು ಮಾಡುತ್ತಿದ್ದವು. ಬಲಗೈ ಚಾಚಿ ಆ ಗೋಡೆಯನ್ನು ಮುಟ್ಟಿದೆ, ಬಿಸಿನೀರು. ಕೆಳಗೆ ದಿಬ್ಬದ ಮರಳು ಸಾಲುಸಾಲಾಗಿ ಹಿಂದಕ್ಕೆ ಸರಿಯುವುದು ಕಾಣುತ್ತಿತ್ತು. ಎಂಟು ಹತ್ತು ಸೆಕೆಂಡಿನ ನಂತರ ಅಲೆ ದಂಡೆಯ ಬಳಿಯ ಕಾಲುವೆಗೆ ಬಂದು ಉಸಿರು ಬಿಟ್ಟಂತೆ ಕರಗಿತು, ನಾನು ನಿಂತಲ್ಲೇ ಮೆಲ್ಲಗೆ ಮುಳುಗಿದೆ. ಗೆಳೆಯ ಒಂಟಿ ಚಪ್ಪಲಿಯನ್ನು ಎತ್ತಿ ಹಿಡಿದು ಕುಣಿಯುತ್ತಿದ್ದ. ಫೋಟೋ ತೆಗೆದೆಯಾ ಎಂದರೆ, ನೋಡುತ್ತ ಮರೆತೆ ಎಂದ.

ಹನ್ನೊಂದೂವರೆಗೆ ಮೋಡ ಹರಿದು ಬಿಸಿಲು ಬಿತ್ತು, ಅರ್ಧ ಗಂಟೆಯಲ್ಲಿ ಪಡುಗಾಳಿ ಬಂತು. ಹೊರಡುವಾಗ ಬಲೆಯ ಹಿರಿಯರಿಗೆ, ಪತ್ತನಾಜೆಗೆ ಮುಂಚೆ ಮಳೆ ಬಂತಲ್ಲ ಎಂದು ಕೆಣಕಿದೆ. ಅದು ಮಳೆಯಲ್ಲ, ಗುಡುಗು ಎಂದರು. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಷ್ಟರೊಳಗೆ ಬಲೆ ಮುಗಿಸಿ ಕೊಡಬೇಕಾದ ಅವಸರದಲ್ಲಿದ್ದ ಅವರು ಮಾತು ಬೆಳೆಸಲಿಲ್ಲ.

ಜೂನ್ ಎರಡನೆಯ ವಾರ ಯುವಕ ಒಂದು ಫೋಟೋ ಕಳಿಸಿದ. ಕಂದು ಬಣ್ಣದ ಕಡಲು, ದಂಡೆಯ ಅರ್ಧ ಇಲ್ಲ, ಬಿದ್ದಿದ್ದ ಗಾಳಿಮರವೂ ಇಲ್ಲ. ನಾವು ಆಡಿದ ದಿಬ್ಬವನ್ನು ಮಳೆಗಾಲದ ಅಲೆ ಕೆದಕಿ ಹೊರಗೆ ಒಯ್ದಿದೆ, ಅಳಿವೆ ಬಾಗಿಲು ತೆಂಕಕ್ಕೆ ಸರಿದಿದೆ ಎಂದು ಬರೆದಿದ್ದ. ಮರಳು ಮತ್ತೆ ಎಲ್ಲಿ ಕಟ್ಟಿಕೊಳ್ಳುತ್ತದೋ ಸೆಪ್ಟೆಂಬರಿನಲ್ಲಿ ಬಂದು ನೋಡಿ, ಬರುವಾಗ ವ್ಯಾಕ್ಸ್ ತನ್ನಿ ಎಂದೂ ಸೇರಿಸಿದ್ದ. ಸೀಟಿನ ಹೊಲಿಗೆಯಲ್ಲಿರುವುದನ್ನು ನಾನು ಇನ್ನೂ ಪೂರ್ತಿ ಕೆರೆದು ತೆಗೆದಿಲ್ಲ.